ಹಲಗೆಯೊಳಗೊಂದು ವೃತ್ತ

ಆಲ್ಪ್ಸ್ ಸೀಮೆಯ ಯಾವುದಾದರೂ ಊರಿನ ಸ್ಕೀ ಅಂಗಡಿಗೆ ಹೋಗಿ, ಗೋಡೆಗೆ ಒರಗಿಸಿಟ್ಟ ಸಾಲಿನಿಂದ ಒಂದು ಸ್ಕೀ ಎತ್ತಿಕೊಳ್ಳಿ. ಬಣ್ಣ ನೋಡಬೇಡಿ, ಹೆಸರು ನೋಡಬೇಡಿ, ಬೆಲೆಯಂತೂ ಸದ್ಯಕ್ಕೆ ಬೇಡವೇ ಬೇಡ. ಬಾಲದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಉಕ್ಕಿನ ಅಂಚಿನ ಉದ್ದಕ್ಕೂ ದೃಷ್ಟಿ ಹಾಯಿಸಿ. ದೂರದಿಂದ ನೇರವಾಗಿ ಕಂಡಿದ್ದ ಅಂಚು ನೇರವಾಗಿಲ್ಲ! ಮೂತಿಯಲ್ಲಿ ಅಗಲ, ನಡುವಿನಲ್ಲಿ ಸಪೂರ, ಬಾಲದಲ್ಲಿ ಮತ್ತೆ ಅಗಲ. ಅಂಚೆಂಬುದು ಒಳಕ್ಕೆ ಬಾಗಿದ ಒಂದು ನೀಳ ಕಮಾನು. ಆ ಕಮಾನನ್ನು ಮನಸ್ಸಿನಲ್ಲೇ ಮುಂದುವರಿಸುತ್ತಾ ಹೋಗಿ. ಅದು ಅಂಗಡಿಯ ಗೋಡೆ ದಾಟಿ, ರಸ್ತೆ ದಾಟಿ, ಎದುರಿನ ಕಟ್ಟಡವನ್ನೂ ಬಳಸಿಕೊಂಡು, ಪೂರ್ಣ ವೃತ್ತವಾಗಿ ತಿರುಗಿ ನಿಮ್ಮ ಕೈಗೇ ಬಂದು ಸೇರುತ್ತದೆ. ನೀವು ಹಿಡಿದಿರುವುದು ಆ ವೃತ್ತದ ಒಂದು ಚೂರು. ಹಿಮದ ಮೇಲೆ ಮುಂದೆಂದೋ ನೀವು ತೆಗೆದುಕೊಳ್ಳಲಿರುವ ತಿರುವನ್ನು ಯಾರೋ ಕಾರ್ಖಾನೆಯಲ್ಲಿ ಕುಳಿತು ಆಗಲೇ ಕತ್ತರಿಸಿ ಇಟ್ಟಿದ್ದಾರೆ!

ಇದರಲ್ಲಿ ಗುಟ್ಟೇನೂ ಇಲ್ಲ, ಸ್ಕೀಯ ಮೈಮೇಲೆಯೇ ಸಣ್ಣ ಅಂಕಿಗಳಲ್ಲಿ ಬರೆದಿರುತ್ತಾರೆ. ಅಂಚಿನಿಂದ ಹಿಮ ಕೊರೆದು ತಿರುಗುವ ಕಾರ್ವಿಂಗ್ ಶೈಲಿಗೆಂದು ಮಾಡಿದ ಮಹಿಳೆಯರ ಸ್ಕೀಯೊಂದರ ಮೇಲೆ 120-68-102 ಎಂದಿದೆ ಅಂದುಕೊಳ್ಳಿ. ಮೂತಿಯ ಬಳಿ 120 ಮಿಲಿಮೀಟರ್ ಅಗಲ, ಬೂಟು ಕೂರುವ ಸೊಂಟದಲ್ಲಿ 68, ಬಾಲದಲ್ಲಿ 102. ಈ ಮೂರು ಅಂಕಿಗಳಿಂದ ವೃತ್ತವನ್ನು ನಾವೇ ಹೊರಗೆಳೆಯಬಹುದು, ಹೈಸ್ಕೂಲಿನ ರೇಖಾಗಣಿತ ಸಾಕು. ಮೂತಿ ಮತ್ತು ಬಾಲದ ಅಗಲಗಳನ್ನು ಕೂಡಿಸಿ, ಸೊಂಟದ ಎರಡರಷ್ಟನ್ನು ಕಳೆದು, ನಾಲ್ಕರಿಂದ ಭಾಗಿಸಿ. 21.5 ಮಿಲಿಮೀಟರ್ ಬರುತ್ತದೆ. ಅಂಚು ಒಳಕ್ಕೆ ಸರಿದಿರುವುದು ಇಷ್ಟೇ, ಒಂದು ಹೆಬ್ಬೆರಳಿನ ಅಗಲ. 156 ಸೆಂಟಿಮೀಟರ್ ಉದ್ದದ ಸ್ಕೀಯಲ್ಲಿ ಹಿಮಕ್ಕೆ ತಾಗುವ ಅಂಚು ಸುಮಾರು 1.4 ಮೀಟರ್. ಆ ಉದ್ದದ ವರ್ಗವನ್ನು ಆಳದ ಎಂಟರಷ್ಟರಿಂದ ಭಾಗಿಸಿದರೆ 11.4 ಮೀಟರ್. ಅದೇ ವೃತ್ತದ ತ್ರಿಜ್ಯ. ಹೆಬ್ಬೆರಳಗಲದ ತಗ್ಗಿನಲ್ಲಿ ಒಂದು ದೊಡ್ಡ ಮನೆ, ಅದರ ಅಂಗಳ ಎಲ್ಲವೂ ಹಿಡಿಯುವಷ್ಟು ವೃತ್ತ!

ನಿಜವಾದ ಬೆರಗು ಶುರುವಾಗುವುದು ಇದರ ಮುಂದೆ. ಸ್ಕೀಯನ್ನು ಹಿಮದ ಮೇಲೆ ಚಪ್ಪಟೆಯಾಗಿಟ್ಟರೆ ಅದು ನೇರಕ್ಕೆ ಜಾರುತ್ತದೆ. ಓರೆಯಾಗಿಸಿ ಅಂಚಿನ ಮೇಲೆ ನಿಲ್ಲಿಸಿದರೆ? ಮೂತಿಯೂ ಬಾಲವೂ ಅಗಲವಾಗಿರುವುದರಿಂದ ಮೊದಲು ಅವೆರಡೇ ಹಿಮಕ್ಕೆ ತಾಗುತ್ತವೆ, ಸೊಂಟ ಗಾಳಿಯಲ್ಲಿ ಉಳಿಯುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ಒಬ್ಬ ಮಹಿಳೆ ನಿಂತಿದ್ದಾಳೆ. ಅವಳ ಭಾರಕ್ಕೆ ಸೊಂಟ ಕೆಳಗಿಳಿಯುತ್ತದೆ, ಇಡೀ ಸ್ಕೀ ಬಾಗುತ್ತದೆ, ಅಂಚು ತುದಿಯಿಂದ ತುದಿಯವರೆಗೆ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಈಗ ಹಿಮದ ಮೇಲೆ ಮೂಡುವ ಗೆರೆಯ ತ್ರಿಜ್ಯ 11.4 ಮೀಟರಿಗಿಂತ ಕಡಿಮೆ. 45 ಡಿಗ್ರಿ ಓರೆಗೆ 8 ಮೀಟರ್. 60 ಡಿಗ್ರಿ ಓರೆಗೆ 5.7, ಅಂದರೆ ಸರಿಯಾಗಿ ಅರ್ಧ! ಶಾಲೆಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತ ಕೊಸೈನ್ ಇಲ್ಲಿ ಹೆಪ್ಪುಗಟ್ಟಿದ ಇಳಿಜಾರಿನ ಮೇಲೆ ಒಬ್ಬಳ ಪಾದದಡಿ ಜೀವಂತವಾಗಿ ಕೆಲಸ ಮಾಡುತ್ತಿದೆ. ಅವಳು ಸ್ಕೀಯನ್ನು ತಿರುಗಿಸುತ್ತಿಲ್ಲ. ಮೊಣಕಾಲನ್ನೂ ಸೊಂಟವನ್ನೂ ವಾಲಿಸುತ್ತಾಳೆ, ಅಷ್ಟೇ. ಬಾಗಿದ ಅಂಚು ತಾನು ಕೊರೆದ ಕಿರುಗಾಲುವೆಯಲ್ಲಿ ತಾನೇ ಓಡುತ್ತದೆ. ಜಾರುತ್ತಾ ತಿರುಗಿದವರ ಹಿಂದೆ ಹಿಮ ಅಗಲವಾಗಿ ಕೆರೆದುಹೋಗಿರುತ್ತದೆ. ಕಾರ್ವಿಂಗ್ ಮಾಡಿದವರ ಹಿಂದೆ ಉಳಿಯುವುದು ಸೀಸದ ಕಡ್ಡಿಯಲ್ಲಿ ಎಳೆದಂಥ ಎರಡು ತೆಳು ಗೆರೆಗಳು.

ಎಷ್ಟು ಬಾಗಬೇಕು? 45 ಡಿಗ್ರಿಗೆ ಸೊಂಟದಲ್ಲಿ 21.5 ಮಿಲಿಮೀಟರ್, 60 ಡಿಗ್ರಿಗೆ 37. ಬಾಗಿಸುವ ಬಲ ಎಲ್ಲಿಂದ ಬರಬೇಕು? ತಿರುವಿನಿಂದಲೇ! ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 8 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಪಕ್ಕಕ್ಕೆ ಎಳೆಯುವ ಬಲ ಗುರುತ್ವದ ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಪಾಲಿನಷ್ಟಾಗುತ್ತದೆ. ಎರಡೂ ಸೇರಿ, 55 ಕಿಲೋ ತೂಕದ ಮಹಿಳೆ ಆ ಕ್ಷಣ ತನ್ನ ಸ್ಕೀಗೆ 73 ಕಿಲೋದವಳಾಗಿರುತ್ತಾಳೆ. ಅದರ ಬಹುಪಾಲು ಹೊರಗಿನ ಒಂದೇ ಕಾಲಿನ ಮೇಲೆ. ವಾಲಿದಷ್ಟೂ ಬಾಗು, ಬಾಗಿದಷ್ಟೂ ಬಿಗಿ ತಿರುವು, ತಿರುವು ಬಿಗಿಯಾದಷ್ಟೂ ಭಾರ, ಭಾರ ಹೆಚ್ಚಿದಷ್ಟೂ ಇನ್ನಷ್ಟು ಬಾಗು. ಒಂದು ತಿರುವು ಮುಗಿಯುವಷ್ಟರಲ್ಲಿ ಬಾಗಿದ ಸ್ಕೀ ಮರಳಿ ಚಿಮ್ಮಿ ಅವಳನ್ನು ಮುಂದಿನ ತಿರುವಿಗೆ ಎತ್ತಿಕೊಡುತ್ತದೆ. ಎಡ, ಬಲ, ಎಡ, ಬಲ! ಚಿಕ್ಕ ತಿರುವುಗಳ ಸುಖವೆಲ್ಲ ಈ ಚಿಮ್ಮುವಿಕೆಯಲ್ಲಿದೆ.

ಹಾಗಾಗಿ ಸ್ಕೀ ಆರಿಸುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಒಂದೇ ಒಂದು ಪ್ರಶ್ನೆ: ಇದು ನನ್ನ ಭಾರಕ್ಕೆ ಬಾಗುತ್ತದೆಯೇ? 85 ಕಿಲೋದ ಗಂಡಸಿಗಾಗಿ ಲೆಕ್ಕ ಹಾಕಿದ ಸ್ಕೀ 55 ಕಿಲೋದವಳ ಕಾಲಡಿ ಬರೀ ಗಟ್ಟಿ ಹಲಗೆ. ಅದರೊಳಗೆ ಎಷ್ಟು ಚಂದದ ವೃತ್ತ ಇದ್ದರೂ ಅವಳಿಗೆ ಅದು ಹೊರಬರುವುದಿಲ್ಲ. ತನಗೇ ಕೌಶಲ ಸಾಲದು ಎಂದು ನಂಬಿಕೊಂಡು ವರ್ಷಗಟ್ಟಲೆ ಆ ಹಲಗೆಯೊಂದಿಗೆ ಗುದ್ದಾಡಿದ ಹೆಂಗಸರು ಎಷ್ಟೋ! ನನಗೆ ಈ ವಿಷಯದ ಬಗ್ಗೆ ಇಷ್ಟು ಕಾಳಜಿ ಬರಲು ಇದೂ ಒಂದು ಕಾರಣ. ತಪ್ಪು ಕಾಲಿನದಲ್ಲ, ಹಲಗೆಯದು ಎಂದು ಗೊತ್ತಾದ ದಿನ ಒಬ್ಬಳ ಮುಖದಲ್ಲಿ ಮೂಡುವ ಅಚ್ಚರಿ ನೋಡುವಂಥದ್ದು.

ಈ ಬಾಗಿನ ಕಥೆ ಹಳೆಯದು. ನಾರ್ವೆಯ ಟೆಲಿಮಾರ್ಕ್ ಸೀಮೆಯ ಮೊರ್ಗೆದಾಲ್ ಹಳ್ಳಿಯಲ್ಲಿ ಸೋಂದ್ರೆ ನೂರ್‌ಹೈಮ್ ಎಂಬ ಬಡ ಗೇಣಿದಾರನಿದ್ದ. ಕೈಯಾರೆ ಸ್ಕೀ ಕೆತ್ತುತ್ತಿದ್ದ, ನಡುವನ್ನು ಸಪೂರ ಮಾಡುತ್ತಿದ್ದ, ಬೂಟನ್ನು ಸ್ಕೀಗೆ ಬಂಧಿಸುವ, ಹಿಮ್ಮಡಿಯನ್ನೂ ಕಟ್ಟಿ ಹಿಡಿಯುವ ಬಳ್ಳಿಯ ಬೈಂಡಿಂಗ್ ಹೊಸೆದಿದ್ದ. 1868ರಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾಕ್ಕೆ, ಈಗಿನ ಓಸ್ಲೋಗೆ, ಬಂದು ಅವನು ತಿರುಗಿ ತೋರಿಸಿದ ರೀತಿಗೆ ಪಟ್ಟಣದ ಜನ ಬೆರಗಾದರು. ಅಲ್ಲಿಂದ ಮುಂದೆ ಮರಕ್ಕೆ ಉಕ್ಕಿನ ಅಂಚು ಬಂತು, ಬೂಟು ಗಟ್ಟಿಯಾಯಿತು, ಬೈಂಡಿಂಗ್ ಬಿಚ್ಚಿಕೊಳ್ಳುವುದನ್ನು ಕಲಿಯಿತು. ಆದರೆ ಆ ನಡುವಿನ ತಗ್ಗು? ನೂರಿಪ್ಪತ್ತು ವರ್ಷ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! 1980ರ ದಶಕದಲ್ಲೂ ಸ್ಕೀಯ ತಗ್ಗು 10 ಮಿಲಿಮೀಟರಿನೊಳಗೆ, ಉದ್ದ ಎರಡು ಮೀಟರಿನ ಆಸುಪಾಸು, ತ್ರಿಜ್ಯ 40 ಮೀಟರಿಗೂ ಮೇಲೆ. ಅಂಥ ಸ್ಕೀಯಲ್ಲಿ ಚಿಕ್ಕ ತಿರುವೆಂದರೆ ತೋಳು, ತೊಡೆ, ಬೆನ್ನುಗಳ ಬಲದಿಂದ ಹಲಗೆಯನ್ನು ಎತ್ತಿ ಹೊರಳಿಸುವುದೇ ಆಗಿತ್ತು.

ಬಾಗಿಲು ತೆರೆದದ್ದು ಸ್ಲೊವೇನಿಯಾದ ಬೆಗೂನ್ಯೆ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಯ ಎಲಾನ್ ಕಾರ್ಖಾನೆಯನ್ನು ರೂಡಿ ಫಿನ್ಜ್‌ಗರ್ ಮತ್ತು ಸಂಗಡಿಗರು 1945ರಲ್ಲಿ ಕಟ್ಟಿದ್ದರು. ಸ್ವೀಡನ್ನಿನ ಮಹಾನ್ ಸ್ಕೀಪಟು ಇಂಗೆಮಾರ್ ಸ್ಟೆನ್‌ಮಾರ್ಕ್ ಗೆದ್ದದ್ದೆಲ್ಲ ಎಲಾನ್ ಸ್ಕೀಗಳ ಮೇಲೆಯೇ. ಅದೇ ಕಾರ್ಖಾನೆಯ ಎಂಜಿನಿಯರುಗಳಾದ ಯೂರಿ ಫ್ರಾಂಕೊ ಮತ್ತು ಪಾವೆಲ್ ಶ್ಕೊಫಿಚ್ ತಗ್ಗನ್ನು 20 ಮಿಲಿಮೀಟರ್ ದಾಟಿಸಿದರು. ಎಸ್‌ಸಿಎಕ್ಸ್ ಎಂಬ ಹೆಸರಿನಲ್ಲಿ 1993ರಲ್ಲಿ ಮಾರುಕಟ್ಟೆಗೆ ಬಂದ ಆ ಸ್ಕೀಯನ್ನು ನೋಡಿದವರಿಗೆ ಅದು ಆಟದ ಸಾಮಾನಿನಂತೆ ಕಂಡಿರಬೇಕು. ಕೆಲವೇ ವರ್ಷಗಳಲ್ಲಿ ಜಗತ್ತಿನ ಎಲ್ಲ ತಯಾರಕರೂ ಅದೇ ದಾರಿ ಹಿಡಿದರು. ನೇರ ಸ್ಕೀ ಎಂಬುದೇ ಅಂಗಡಿಗಳಿಂದ ಮಾಯವಾಯಿತು. ಚಿಕ್ಕ ತಿರುವುಗಳ ಪಂದ್ಯವಾದ ಸ್ಲಾಲಂನ ಓಟಗಾರರ ಸ್ಕೀ ಎಷ್ಟು ವೇಗವಾಗಿ ಕುಗ್ಗತೊಡಗಿತೆಂದರೆ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಕನಿಷ್ಠ ಉದ್ದವನ್ನೇ ನಿಗದಿ ಮಾಡಬೇಕಾಯಿತು, ಗಂಡಸರಿಗೆ 165 ಸೆಂಟಿಮೀಟರ್, ಹೆಂಗಸರಿಗೆ 155. ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿ 23ರಂದು ಇಟಲಿಯ ಸೆಸ್ತ್ರಿಯೆರೆಯಲ್ಲಿ ತನ್ನ ನೂರನೇ ವಿಶ್ವಕಪ್ ಗೆಲುವು ಪಡೆದದ್ದು ಈ ಗಿಡ್ಡ ಸ್ಲಾಲಂ ಸ್ಕೀಗಳ ಮೇಲೆ. ನೂರು! ಇಳಿಜಾರಿನ (ಆಲ್ಪೈನ್) ಓಟದಲ್ಲಿ ಗಂಡಸರಲ್ಲೂ ಯಾರೂ ಮುಟ್ಟದ ಸಂಖ್ಯೆ.

ಹಾಗಾದರೆ ಇಷ್ಟು ಸರಳವಾದ ತಗ್ಗಿಗೆ ಜಗತ್ತು ಅಷ್ಟು ವರ್ಷ ಕಾದದ್ದೇಕೆ? ಉತ್ತರ ತಿರುಚುವಿಕೆಯಲ್ಲಿದೆ. ಮೂತಿ ಅಗಲವಾದಷ್ಟೂ ಹಿಮ ಅದರ ಅಂಚನ್ನು ಹಿಡಿದು ತಿರುಚಲು ನೋಡುತ್ತದೆ. ಮೂತಿ ತಿರುಚಿಕೊಂಡರೆ ಓರೆ ಕಳೆಯುತ್ತದೆ, ಹಿಡಿತ ಬಿಡುತ್ತದೆ, ತಿರುವು ಜಾರುವಿಕೆಯಾಗಿ ಮುಗಿಯುತ್ತದೆ. ತಿರುಚದಂತೆ ಗಟ್ಟಿ ಮಾಡಲು ಹೋದರೆ ಸ್ಕೀ ಬಾಗುವುದನ್ನೇ ಬಿಡುತ್ತಿತ್ತು. ಬಾಗಬೇಕು, ಆದರೆ ತಿರುಚಬಾರದು! ಹಗುರ ದೇಹದ ಮಹಿಳೆಗೆ ಈ ಇಬ್ಬಂದಿ ಇನ್ನೂ ತೀವ್ರ. ಉದ್ದಕ್ಕೆ ಸುಲಭವಾಗಿ ಬಾಗುವ ಸ್ಕೀ ಅವಳಿಗೆ ಬೇಕು, ಆದರೆ ಹಿಮಗಡ್ಡೆಯ ಮೇಲೆ ಗಂಡಸಿನ ಸ್ಕೀಯಷ್ಟೇ ಗಟ್ಟಿ ಹಿಡಿತವೂ ಬೇಕು.

ಈ ಒಗಟನ್ನು ಬಿಡಿಸಿದ ಉಪಾಯವನ್ನು ತಿಳಿದಾಗ ನಾನು ಮಾತಿಲ್ಲದೆ ನಿಂತೆ. ಸ್ಕೀಯನ್ನು ಅಡ್ಡಕ್ಕೆ ಕೊಯ್ದರೆ ಪದರ ಪದರವಾಗಿ ಕಾಣುತ್ತದೆ: ಅಡಿಗೆ ಮೇಣ ಕುಡಿಯುವ ಪ್ಲಾಸ್ಟಿಕ್, ಪಕ್ಕಕ್ಕೆ ಉಕ್ಕಿನ ಅಂಚು, ನಡುವೆ ಮರದ ತಿರುಳು, ಅದರ ಮೇಲೂ ಕೆಳಗೂ ಗಾಜಿನ ಎಳೆ ಅಥವಾ ಕಾರ್ಬನ್ ಎಳೆಯ ಬಟ್ಟೆ. ಎಳೆಗಳನ್ನು ಸ್ಕೀಯ ಉದ್ದಕ್ಕೆ ಹಾಸಿದರೆ ಅವು ಬಾಗುವುದನ್ನು ತಡೆಯುತ್ತವೆ. ಅದೇ ಎಳೆಗಳನ್ನು 45 ಡಿಗ್ರಿ ಓರೆಯಾಗಿ, ಒಂದರ ಮೇಲೊಂದು ಅಡ್ಡಹಾಯುವಂತೆ ಹಾಸಿದರೆ ಅವು ತಿರುಚುವುದನ್ನು ತಡೆಯುತ್ತವೆ, ಬಾಗುವುದಕ್ಕೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ. ನಾರು ಅದೇ, ಅಂಟು ಅದೇ, ತೂಕ ಅಷ್ಟೇ. ಹಾಸಿದ ದಿಕ್ಕು ಬದಲಾದರೆ ಸ್ಕೀಯ ಸ್ವಭಾವವೇ ಬದಲು! ಉದ್ದದ ಎಳೆ ಕಡಿಮೆ ಮಾಡಿ, ಓರೆ ಎಳೆ ಉಳಿಸಿಕೊಂಡರೆ 55 ಕಿಲೋಗೆ ಬಾಗುವ, ಆದರೂ ಹಿಡಿತ ಬಿಡದ ಸ್ಕೀ ಹುಟ್ಟುತ್ತದೆ. ಒಳ್ಳೆಯ ಮಹಿಳಾ ಸ್ಕೀಗೂ ಗಂಡಸರ ಸ್ಕೀಗೆ ಹೂವಿನ ಚಿತ್ರ ಬಳಿದು ಮಾರುವ ಸ್ಕೀಗೂ ಇರುವ ವ್ಯತ್ಯಾಸ ಈ ಪದರಗಳಲ್ಲಿದೆ. ಅಂಗಡಿಯಲ್ಲೇ ಪರೀಕ್ಷಿಸಿ. ಬಾಲವನ್ನು ನೆಲಕ್ಕೂರಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದು ಕೈಯಿಂದ ಸೊಂಟವನ್ನು ಒತ್ತಿ. ಅದು ಒಂದೇ ಸಮನೆ ಬಾಗಿ ಮರಳಿ ಚಿಮ್ಮಬೇಕು. ಆಮೇಲೆ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಲು ನೋಡಿ. ಅದು ಬಿಲ್‌ಕುಲ್ ಒಪ್ಪಬಾರದು.

ಈಗ ತೂಕದ ಮಾತು. ಹಗುರ ಎಂಬುದನ್ನು ಎಲ್ಲರೂ ತಕ್ಕಡಿಯ ಮೇಲೆ ಹುಡುಕುತ್ತಾರೆ. ಓಟದ ಸ್ಲಾಲಂ ಸ್ಕೀ ಜೋಡಿ ಬೈಂಡಿಂಗ್ ಸಮೇತ ಆರು ಕಿಲೋದ ಆಸುಪಾಸು ತೂಗಿದರೆ, ಮಹಿಳೆಯರ ಹಗುರ ಕಾರ್ವಿಂಗ್ ಜೋಡಿ ನಾಲ್ಕು, ನಾಲ್ಕೂವರೆ ಕಿಲೋದಲ್ಲಿ ನಿಲ್ಲುತ್ತದೆ. ಹೆಗಲ ಮೇಲೆ ಹೊತ್ತು ಬಸ್ಸಿನಿಂದ ಲಿಫ್ಟಿನವರೆಗೆ ನಡೆಯುವಾಗ, ಕುರ್ಚಿ ಲಿಫ್ಟಿನಲ್ಲಿ ಕಾಲು ಜೋತುಬಿಟ್ಟು ಕುಳಿತಾಗ ಆ ಒಂದೂವರೆ ಕಿಲೋ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಚಿಕ್ಕ ತಿರುವಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ತೂಕ ಎಲ್ಲಿದೆ? ಒಂದು ಉದ್ದ ಕೋಲಿನ ಎರಡು ತುದಿಗೂ ನೀರು ತುಂಬಿದ ಬಾಟಲಿ ಕಟ್ಟಿ, ನಡುವೆ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ ನೋಡಿ. ಅವೇ ಬಾಟಲಿಗಳನ್ನು ಕೈಯ ಪಕ್ಕಕ್ಕೆ ತಂದು ಕಟ್ಟಿ ಮತ್ತೆ ಆಡಿಸಿ. ತೂಕ ಒಂದು ಗ್ರಾಮೂ ಬದಲಾಗಿಲ್ಲ, ಆದರೆ ಕೋಲು ಹೂವಾಗಿಬಿಡುತ್ತದೆ! ತಿರುಗಿಸಲು ಬೇಕಾದ ಶ್ರಮ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೂಟಿನ ನಡುವಿನಿಂದ 70 ಸೆಂಟಿಮೀಟರ್ ಆಚೆ, ಮೂತಿಯಲ್ಲಿರುವ 100 ಗ್ರಾಂ, 10 ಸೆಂಟಿಮೀಟರ್ ದೂರದ 100 ಗ್ರಾಮಿಗಿಂತ 49 ಪಟ್ಟು ಹೆಚ್ಚು ಸತಾಯಿಸುತ್ತದೆ. ಎರಡು ಸೆಕೆಂಡಿಗೊಮ್ಮೆ ದಿಕ್ಕು ಬದಲಿಸುವವಳಿಗೆ ಮೂತಿಯಲ್ಲಿ ಉಳಿಸಿದ ಒಂದೊಂದು ಗ್ರಾಮೂ ಲಾಭ. ಬೈಂಡಿಂಗಿನ ಕೆಳಗೆ ಅರ್ಧ ಕಿಲೋ ಹೆಚ್ಚಿದ್ದರೆ ಅಷ್ಟೇನೂ ಬಾಧಕವಿಲ್ಲ. ಕೆಲವೊಮ್ಮೆ ಅದು ಒಳ್ಳೆಯದೇ.

ಹಾಗೆ ಗ್ರಾಂ ಉಳಿಸಲು ಹೊರಟವರು ಎಲ್ಲೆಲ್ಲಿಗೆ ಹೋಗಿದ್ದಾರೆ ನೋಡಿ! ಹಳೆಯ ಸ್ಕೀಗಳ ತಿರುಳು ಆಶ್ ಅಥವಾ ಬೀಚ್ ಮರದ್ದು, ಘನ ಮೀಟರಿಗೆ 700 ಕಿಲೋದ ಸುತ್ತಮುತ್ತ. ಪಾಪ್ಲರ್ ಬಂದ ಮೇಲೆ ಅದು 400ರ ಹತ್ತಿರಕ್ಕೆ ಇಳಿಯಿತು. ಇನ್ನೂ ಹಗುರ ಬೇಕೆಂದಾಗ ಪೌಲೋನಿಯಾ ಸಿಕ್ಕಿತು, 300ಕ್ಕೂ ಕೆಳಗೆ. ಜಪಾನಿನಲ್ಲಿ ಕೊಟೊ ಎಂಬ ತಂತಿವಾದ್ಯ ಮಾಡುವುದು, ಬಟ್ಟೆ ಇಡುವ ಪೆಟ್ಟಿಗೆ ಮಾಡುವುದು ಇದೇ ಮರದಿಂದ. ನಾದಕ್ಕೆಂದು ಶತಮಾನಗಳಿಂದ ಬಳಸಿದ ಮರ ಇಂದು ಆಲ್ಪ್ಸಿನ ಇಳಿಜಾರಿನಲ್ಲಿ ಒಬ್ಬಳ ಪಾದದಡಿ ಕಂಪಿಸುತ್ತಿದೆ! ಜಾಣ ತಯಾರಕರು ಬೈಂಡಿಂಗಿನ ಸ್ಕ್ರೂ ಕಚ್ಚುವ ಕಡೆ ಗಟ್ಟಿ ಬೀಚ್ ಪಟ್ಟಿ, ತುದಿಗಳ ಕಡೆ ಪೌಲೋನಿಯಾ ಎಂದು ಬೆರೆಸುತ್ತಾರೆ. ಇನ್ನು ಗ್ರಾಫೀನ್. ಇಂಗಾಲದ ಒಂದೇ ಪರಮಾಣುವಿನಷ್ಟು ತೆಳ್ಳನೆಯ ಈ ಹಾಳೆಯನ್ನು ಮ್ಯಾಂಚೆಸ್ಟರಿನಲ್ಲಿ 2004ರಲ್ಲಿ ಅಂಟುಪಟ್ಟಿಯಿಂದ ಬಿಡಿಸಿ ತೆಗೆದರು, 2010ರಲ್ಲಿ ಅದಕ್ಕೆ ನೊಬೆಲ್ ಬಂತು. ಅದಾಗಿ ನಾಲ್ಕೇ ವರ್ಷದ ಹೊತ್ತಿಗೆ ಹೆಡ್ ಕಂಪನಿ ಮಹಿಳೆಯರಿಗೆಂದೇ ವಿನ್ಯಾಸ ಮಾಡಿದ ಜಾಯ್ ಸಾಲಿನ ಸ್ಕೀಗಳಲ್ಲಿ ಗ್ರಾಫೀನ್ ಸೇರಿಸಿ ತೂಕ ಇಳಿಸಿತು. ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹಾವರ್ಡ್ ಹೆಡ್ 1950ರಲ್ಲಿ ಅಲ್ಯೂಮಿನಿಯಂ ಹಾಳೆಗಳ ಸ್ಕೀ ತಂದು ಕಟ್ಟಿದ ಕಂಪನಿ ಅದು. ಹೊಸ ವಸ್ತು ಕಂಡರೆ ಸ್ಕೀಯೊಳಗೆ ಹಾಕಿ ನೋಡುವ ಚಾಳಿ ಅವರಿಗೆ ಹುಟ್ಟಿನಿಂದ ಬಂದದ್ದು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅತಿ ಹಗುರ ಸ್ಕೀ ಗಟ್ಟಿ ಹಿಮದ ಮೇಲೆ ನಡುಗುತ್ತದೆ. ಜಾತ್ರೆಯ ತಮಟೆಯಂತೆ ಟಪಟಪ ಹೊಡೆದುಕೊಳ್ಳುತ್ತದೆ, ಅಂಚು ಕ್ಷಣಕ್ಷಣಕ್ಕೂ ಹಿಮ ಬಿಟ್ಟು ಮೇಲೇಳುತ್ತದೆ. ಆ ಕಂಪನವನ್ನು ನುಂಗಲು ಟೈಟನಾಲ್ ಎಂಬ ಲೋಹದ ಹಾಳೆ ಹಾಕುತ್ತಾರೆ. ಆಸ್ಟ್ರಿಯಾದ ರಾನ್ಸ್‌ಹೋಫೆನ್‌ನಲ್ಲಿ ತಯಾರಾಗುವ, ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿದ ಅಲ್ಯೂಮಿನಿಯಂ ಅದು. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ತೆಳು. ಹಿಮಕ್ಕೆ ಅಂಟಿಕೊಂಡಂತೆ ಓಡಿಸುತ್ತದೆ, ಆದರೆ ತೂಕ ಕೂಡಿಸುತ್ತದೆ, ಬಾಗಲು ಹೆಚ್ಚು ಬಲ ಕೇಳುತ್ತದೆ. ನನ್ನ ಅಭಿಪ್ರಾಯ ಇಷ್ಟು. ಐವತ್ತು ಅರವತ್ತು ಕಿಲೋ ತೂಕದ, ಹದವಾದ ವೇಗದಲ್ಲಿ ಹಸನು ಮಾಡಿದ ಇಳಿಜಾರಿನಲ್ಲಿ ಚಿಕ್ಕ ತಿರುವು ಹೆಣೆಯಲು ಆಸೆಪಡುವ ಮಹಿಳೆಗೆ ಲೋಹವಿಲ್ಲದ, ಮರದ ತಿರುಳಿನ, ಓರೆ ಎಳೆಗಳ ಸ್ಕೀಯಷ್ಟು ಸಂತೋಷ ಬೇರಾವುದೂ ಕೊಡದು. ಬೆಳಗಿನ ಹೊತ್ತು ಗಾಜಿನಂಥ ಹಿಮದಲ್ಲಿ ವೇಗವಾಗಿ ಇಳಿಯುವವರು, ಅಥವಾ ಎಪ್ಪತ್ತು ಕಿಲೋ ದಾಟಿದವರು, ಸೊಂಟದ ಭಾಗಕ್ಕಷ್ಟೇ ಲೋಹದ ಪಟ್ಟಿ ಇರುವ ಮಾದರಿ ಹುಡುಕಲಿ. ತುದಿ ಹಗುರ, ನಡು ಶಾಂತ. ಬೆಟ್ಟ ಹತ್ತುವವರಿಗೆಂದು ಮಾಡಿದ ಟೂರಿಂಗ್ ಸ್ಕೀಯ ತೂಕ ನೋಡಿ ಮಾರುಹೋಗಿ ಅದನ್ನೇ ಕಾರ್ವಿಂಗಿಗೆ ತರುವುದು ಮಾತ್ರ ಖಂಡಿತ ಬೇಡ.

ಸೊಂಟದ ಅಗಲ 66ರಿಂದ 72 ಮಿಲಿಮೀಟರ್ ಇರಲಿ. ಅಂಗಡಿಯವರು ಎಲ್ಲದಕ್ಕೂ ಆಗುತ್ತದೆ ಎಂದು 85, 90ರ ಸ್ಕೀ ತೋರಿಸುತ್ತಾರೆ. 90ರ ಸೊಂಟದಲ್ಲಿ ಅಂಚು ಪಾದದ ನಡುಗೆರೆಯಿಂದ 45 ಮಿಲಿಮೀಟರ್ ದೂರ, 68ರಲ್ಲಿ 34. ಆ 11 ಮಿಲಿಮೀಟರ್ ಪ್ರತಿ ತಿರುವಿನಲ್ಲೂ ಮೊಣಕಾಲಿನ ಲೆಕ್ಕಕ್ಕೆ ಜಮೆಯಾಗುತ್ತದೆ! ಎಡ ಅಂಚಿನಿಂದ ಬಲ ಅಂಚಿಗೆ ಹೊರಳುವ ಚುರುಕು ಬರುವುದು ಸಪೂರ ಸೊಂಟದಿಂದ. ಉದ್ದದ ವಿಷಯದಲ್ಲಿ ಗಲ್ಲದಿಂದ ಮೂಗಿನವರೆಗೆ ಎಂಬ ಹಳೆಯ ಅಳತೆ ಚಿಕ್ಕ ತಿರುವಿಗೆ ಈಗಲೂ ಸರಿ.  ತ್ರಿಜ್ಯ 11ರಿಂದ 13 ಮೀಟರ್. ಬಾಲ ಅಗಲವಾಗಿದ್ದರೆ ತಿರುವನ್ನು ಕೊನೆಯವರೆಗೂ ಬಿಡದೆ ಹಿಡಿಯುತ್ತದೆ, ಕೊಂಚ ಸಪೂರವಿದ್ದರೆ ಬೇಗ ಬಿಟ್ಟುಕೊಡುತ್ತದೆ. ಕಲಿಯುವ ಹಂತದವರಿಗೆ ಎರಡನೆಯದೇ ಸ್ನೇಹಿ. ನೆಲದ ಮೇಲಿಟ್ಟಾಗ ನಡು ಮೇಲೆದ್ದು ನಿಲ್ಲುವ ಕಮಾನು ಇರಲೇಬೇಕು, ಚಿಮ್ಮುವ ಶಕ್ತಿಯ ಒಂದು ಪಾಲು ಅಲ್ಲೇ ಇರುವುದು. ಮೂತಿ ಹಿಮದಿಂದ ತುಸು ಮೇಲೆದ್ದಿದ್ದರೆ ತಿರುವು ಶುರು ಮಾಡುವುದು ಸಲೀಸು, ಹಿಡಿತ ಮಾತ್ರ ಅಷ್ಟು ಕಡಿಮೆ. ಇಲ್ಲೂ ಎಲಾನಿನವರು ಒಂದು ಚಮತ್ಕಾರ ಮಾಡಿದ್ದಾರೆ. ಅವರ ಆಂಫಿಬಿಯೋ ಸ್ಕೀಗಳಿಗೆ ಚಪ್ಪಲಿಯಂತೆ ಎಡ, ಬಲ ಎಂಬ ಗುರುತಿದೆ. ಒಳ ಅಂಚಿಗೆ ಕಮಾನು, ಹೊರ ಅಂಚಿಗೆ ಮೇಲೆದ್ದ ಮೂತಿ. ಹೊರಗಿನ ಸ್ಕೀ ಕಚ್ಚಿ ಹಿಡಿಯುವಾಗ ಒಳಗಿನದು ಜಗಳ ತೆಗೆಯದೆ ಜೊತೆಗೆ ಬರಲಿ ಎಂದು!

ಇನ್ನೊಂದು ಸಂಗತಿಯನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಬೈಂಡಿಂಗನ್ನು ಬೂಟಿನ ನಡುಗುರುತಿಗೆ ಹೊಂದಿಸಿ ಕೂರಿಸುತ್ತಾರೆ. ಆದರೆ ಸ್ಕೀಗೆ ನಾವು ಅಪ್ಪಣೆ ಕೊಡುವುದು ಪಾದದ ಉಬ್ಬಿನಿಂದ, ಹೆಬ್ಬೆರಳಿನ ಬುಡದಿಂದ. 29 ಸೆಂಟಿಮೀಟರ್ ಪಾದದಲ್ಲಿ ಆ ಉಬ್ಬು ನಡುಗುರುತಿನಿಂದ ಸಾಕಷ್ಟು ಮುಂದಿದ್ದರೆ, 23 ಸೆಂಟಿಮೀಟರ್ ಪಾದದಲ್ಲಿ ಅದು ಹಿಂದೆ ಉಳಿಯುತ್ತದೆ. ಅಂದರೆ ಚಿಕ್ಕ ಪಾದದವಳು ಒಂದೇ ಸ್ಕೀಯ ಮೇಲೆ ತನಗರಿವಿಲ್ಲದೆ ಹಿಂದೆ ನಿಂತಿರುತ್ತಾಳೆ, ಮೂತಿಗೆ ಅವಳ ಭಾರ ತಲುಪುವುದಿಲ್ಲ. ಹೆಣ್ಣಿನ ದೇಹದ ಭಾರಕೇಂದ್ರ ಗಂಡಿನದಕ್ಕಿಂತ ಕೆಳಗಿರುವುದೂ ಇದಕ್ಕೆ ಸೇರುತ್ತದೆ. ಅಮೆರಿಕದ ಜೀನಿ ಥೋರೆನ್ ಎಂಬಾಕೆ ಇದನ್ನು ಊರೂರು ಸುತ್ತಿ ಹೇಳಿದರು: ಬೈಂಡಿಂಗನ್ನು ಮುಂದಕ್ಕೆ ಸರಿಸಿ, ಹಿಮ್ಮಡಿಯಡಿ ಸಣ್ಣ ಎತ್ತರ ಕೊಡಿ. ಕೆಲವು ಮಹಿಳಾ ಸ್ಕೀಗಳ ನಡುಗುರುತು ಇಂದು ಮುಂದೆ ಸರಿದಿರುವುದರ ಹಿಂದೆ ಇದೇ ವಿಚಾರವಿದೆ. ಹಳಿಯ ಮೇಲೆ ಸರಿಯುವ ಬೈಂಡಿಂಗ್ ಇದ್ದರೆ ಒಂದು ಸೆಂಟಿಮೀಟರ್ ಮುಂದೆ ಸರಿಸಿ ಇಳಿದು ನೋಡಿ. ಒಂದೇ ಒಂದು ಸೆಂಟಿಮೀಟರ್! ಮೂತಿ ತಾನಾಗಿ ತಿರುವಿನೊಳಕ್ಕೆ ಇಳಿಯುವುದು ಪಾದಕ್ಕೆ ತಿಳಿಯುತ್ತದೆ.

ಕೊಳ್ಳುವ ಮುನ್ನ ಬಾಡಿಗೆಗೆ ಪಡೆದು ಓಡಿಸಲೇಬೇಕು. ಆಲ್ಪ್ಸಿನ ಹಲವು ಅಂಗಡಿಗಳು ಪರೀಕ್ಷಾ ಸ್ಕೀ ಕೊಡುತ್ತವೆ, ಕೊಂಡರೆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುವವರೂ ಇದ್ದಾರೆ. ಮ್ಯೂನಿಕ್, ಜ್ಯೂರಿಕ್ ಕಡೆ ನೆಲೆಸಿ ವಾರಾಂತ್ಯಕ್ಕೆ ಬೆಟ್ಟಕ್ಕೆ ಹೋಗುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಒಂದೇ. ಎರಡು ಸ್ಕೀಗಳನ್ನು ಒಂದೇ ಬೆಳಿಗ್ಗೆ, ಒಂದೇ ಇಳಿಜಾರಿನಲ್ಲಿ ಹೋಲಿಸಿ. ಮಧ್ಯಾಹ್ನಕ್ಕೆ ಹಿಮ ಮೆತ್ತಗಾಗುತ್ತದೆ, ಆಗ ಎಲ್ಲ ಸ್ಕೀಯೂ ಒಳ್ಳೆಯದೇ. ಅಂಚು ಹರಿತವಾಗಿದೆಯೇ ಎಂದು ಮೊದಲು ಕೇಳಿ. ಪಕ್ಕದ ಕೋನ 88 ಡಿಗ್ರಿ ಎಂದರೆ ಚಿಕ್ಕ ತಿರುವಿಗೆ ಒಪ್ಪುವ ಅಳತೆ. ಮೊಂಡು ಅಂಚಿನ ಒಳ್ಳೆಯ ಸ್ಕೀಗಿಂತ ಹರಿತ ಅಂಚಿನ ಸಾಧಾರಣ ಸ್ಕೀ ಚೆನ್ನಾಗಿ ಕಂಡೀತು, ಮೋಸಹೋಗಬೇಡಿ. ಇಳಿದು ನಿಂತ ಮೇಲೆ ಹಿಂತಿರುಗಿ ನಿಮ್ಮ ಜಾಡನ್ನೇ ಓದಿ. ಗೆರೆಗಳು ತಿರುವಿನ ಮೊದಲ ಭಾಗದಲ್ಲೇ ಅಗಲವಾಗಿ ಕೆದರಿದ್ದರೆ ಸ್ಕೀ ನಿಮ್ಮ ಭಾರಕ್ಕೆ ಬಾಗುತ್ತಿಲ್ಲ, ಅಥವಾ ನೀವು ಹಿಂದೆ ನಿಂತಿದ್ದೀರಿ. ಕೊನೆಯಲ್ಲಿ ಮಾತ್ರ ಕೆದರಿದ್ದರೆ ಬಾಲ ಬೇಗ ಬಿಡುತ್ತಿದೆ. ಮೇಲಿನಿಂದ ಕೆಳಗಿನವರೆಗೂ ತೆಳು ಗೆರೆ ಸಿಕ್ಕಿದರೆ, ಅದೇ ನಿಮ್ಮ ಸ್ಕೀ!

ನಮ್ಮ ದೇಶದಲ್ಲಿ ಓಡಿಸುವ ಯೋಚನೆಯಿದ್ದರೆ ಜಾಗ ನೋಡಿ ನಿರ್ಧರಿಸಿ. ಗುಲ್ಮಾರ್ಗ್‌ನ ಗೊಂಡೊಲಾ ಹತ್ತಿ ಅಫರ್ವತ್ ಶಿಖರದ ಹತ್ತಿರ ಇಳಿದರೆ ಸಿಗುವುದು ಮೊಣಕಾಲಿನವರೆಗೆ ಹೂತುಹೋಗುವ ಹೊಸ ಹಿಮ, ಅಲ್ಲಿ ಅಗಲ ಸ್ಕೀಯೇ ಬೇಕು. 68ರ ಸೊಂಟ ಮುಳುಗುತ್ತದೆ. ಉತ್ತರಾಖಂಡದ ಔಲಿಯಂಥ ಹಸನು ಮಾಡಿದ ಇಳಿಜಾರು ನಮ್ಮ ಈ ಸ್ಕೀಯ ಮನೆ. ಮನಾಲಿ ಕಡೆಯ ಆಂಚಲ್ ಠಾಕುರ್ 2018ರ ಜನವರಿಯಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಭಾರತಕ್ಕೆ ಸ್ಕೀಯಿಂಗಿನ ಮೊದಲ ಅಂತರರಾಷ್ಟ್ರೀಯ ಪದಕ ತಂದದ್ದು ಸ್ಲಾಲಂನಲ್ಲೇ, ಚಿಕ್ಕ ತಿರುವುಗಳ ಆಟದಲ್ಲೇ! ಹಿಮವೇ ಬೀಳದ ಕೊಡಗಿನಿಂದ ಹೋದ ಭವಾನಿ ತೆಕ್ಕಡ ನಂಜುಂಡ ಕ್ರಾಸ್-ಕಂಟ್ರಿ ಸ್ಕೀಯಿಂಗಿನಲ್ಲಿ ಪದಕ ಗೆದ್ದಿದ್ದಾರೆ. ಅವರ ಸ್ಕೀ ಬೇರೆಯೇ ಜಾತಿ, ಹಿಮ್ಮಡಿ ಬಿಡುವಾಗಿರುತ್ತದೆ. ಆದರೆ ಪ್ರತಿ ಗ್ರಾಮಿನ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು.

ಸ್ಕೀ ಆರಿಸಿಯಾಯಿತು. ಅಂಗಡಿಯ ಮೇಜಿನ ಹಿಂದಿನವರು ಈಗ ನಿಮ್ಮ ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಇಳಿಯುವ ಶೈಲಿ ಕೇಳುತ್ತಾರೆ, ಜೊತೆಗೆ ತೂಕವನ್ನೂ. ಆ ಅಂಕಿಗಳನ್ನು ಅಂತರರಾಷ್ಟ್ರೀಯ ಮಾನದಂಡದ ಪಟ್ಟಿಯಲ್ಲಿ ನೋಡಿ ಬೈಂಡಿಂಗಿನ ಸ್ಪ್ರಿಂಗನ್ನು ಬಿಗಿಮಾಡುತ್ತಾರೆ. 73 ಕಿಲೋದ ಭಾರವನ್ನು ತಿರುವಿನಲ್ಲಿ ಹಿಡಿದಿಟ್ಟುಕೊಳ್ಳುವ, ಬಿದ್ದ ಕ್ಷಣ ಕಾಲಿನ ಮೂಳೆ ಮುರಿಯುವ ಮೊದಲೇ ಬೂಟನ್ನು ಬಿಟ್ಟುಕೊಡುವ ಪುಟ್ಟ ಸ್ಪ್ರಿಂಗ್ ಅದು! ಸುತ್ತ ನಾಲ್ಕು ಜನ ನಿಂತಿದ್ದಾರೆಂದು ಸಂಕೋಚಪಟ್ಟು ಮೂರು ಕಿಲೋ ಕಡಿಮೆ ಹೇಳಿದರೆ ನಡುತಿರುವಿನಲ್ಲೇ ಸ್ಕೀ ಕಳಚಿಕೊಂಡೀತು. ಇದ್ದ ತೂಕವನ್ನು ಇದ್ದ ಹಾಗೇ ಹೇಳಿ. ಬಾಗುವ ಮರಕ್ಕೂ ಬಿಡುವ ಸ್ಪ್ರಿಂಗಿಗೂ ಬೇಕಾದದ್ದು ಆ ಒಂದೇ ಅಂಕಿ.